ಆಕಾಶದಿಂದ ನೋಡಿದ ನಮ್ಮ ಅವಳಿ ಊರುಗಳು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಬಹುಕಾಲದ ಮೇಲೆ ಶಾಲೆಯ ಬಾಗಿಲಿಗೆ ಬಂದಾಗ ಅವರ ಬಾಯಿಂದ ಬರುವ ಮೊದಲನೆಯ ಮಾತು ಹೆಚ್ಚಾಗಿ ಒಂದೇ ಆಗಿರುವದು: “ಅಕ್ಕಾರ, ಊರು ಗುರುತೇ ಸಿಗವಲ್ದು ನೋಡ್ರಿ.” ತಾವು ಹುಣಿಸೇಹಣ್ಣು ಆರಿಸುತ್ತಿದ್ದ ಮರವಿಲ್ಲ, ಅಡ್ಡ ಹಾಯ್ದು ಬರುತ್ತಿದ್ದ ಹೊಲವಿಲ್ಲ, ಮಳೆಗಾಲದಲ್ಲಿ ಲಂಗವನ್ನು ಎತ್ತಿಕೊಂಡು ದಾಟುತ್ತಿದ್ದ ಹಳ್ಳವೂ ಇಲ್ಲ. ಊರು ಬದಲಾಗಿದೆಯೆಂಬುದನ್ನು ಎಲ್ಲರೂ ಬಲ್ಲರು. ಆದರೆ ಯಾವಾಗ, ಎಲ್ಲಿಂದ ಎಲ್ಲಿಯ ವರೆಗೆ, ಯಾವುದರ ಮೇಲೆ ಯಾವುದು ಬಂದು ಕುಳಿತಿತು ಎಂದು ಕೇಳಿದರೆ ನಮ್ಮ ನೆನಪು ತೊದಲುವದು. ಒಬ್ಬಾಕೆ ಕೆರೆ ಇಲ್ಲಿಯ ವರೆಗೆ ಇತ್ತೆನ್ನುವಳು, ಇನ್ನೊಬ್ಬಾಕೆ ಇಲ್ಲವೆನ್ನುವಳು.

ಈ ವಾದವನ್ನು ತೀರಿಸಬಲ್ಲ ಒಬ್ಬ ಸಾಕ್ಷಿಯು ಆಕಾಶದಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿ ತಿರುಗುತ್ತಿರುವನು. ಭೂಮಿಯನ್ನು ಸುತ್ತುವ ಕೃತಕ ಉಪಗ್ರಹಗಳು ತೆಗೆದ ಹಳೆಯ ಚಿತ್ರಗಳನ್ನು ಒಂದರ ಪಕ್ಕಕ್ಕೆ ಒಂದನ್ನಿಟ್ಟು ನಮ್ಮ ಊರಿನ ಬದಲಾವಣೆಯನ್ನು ಓದುವದು ಹೇಗೆ, ಅದರಿಂದ ಪಾಲಕರಿಗೂ ವಿದ್ಯಾರ್ಥಿನಿಯರಿಗೂ ಏನು ಪ್ರಯೋಜನ ಎಂಬುದನ್ನು ಈ ಲೇಖನದಲ್ಲಿ ಸರಳವಾಗಿ ತಿಳಿಸಲು ಯತ್ನಿಸುವೆವು. ಒಂಬತ್ತನೆಯ ಇಯತ್ತೆಯ ಭೂಗೋಲದ ಪಾಠದಲ್ಲಿ ಇದನ್ನು ನಾವು ಕಲಿಸುತ್ತಲಿದ್ದೇವೆ; ಆದರೆ ನಮಗೆ ಇದರ ಬೆಲೆ ತಿಳಿದದ್ದು ಪಾಠದಿಂದಲ್ಲ, ನಮ್ಮ ಮನೆಯಲ್ಲಿಯೇ ಒದಗಿದ ಒಂದು ನಷ್ಟದಿಂದ. ಅದನ್ನು ಮುಂದೆ ಹೇಳುವೆವು.

ಉಪಗ್ರಹಗಳಿಗಿಂತ ಮೊದಲಿನ ಕಾಲದ ಸಾಧನಗಳನ್ನು ನಾವು ಮರೆಯಬಾರದು. ಧಾರವಾಡ ಸೀಮೆಯು 1956ರ ವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಸರಕಾರದ ಮೋಜಣಿದಾರರು ಸರಪಳಿ ಹಿಡಿದು ಹೊಲ ಹೊಲವನ್ನು ಅಳೆದು ಗ್ರಾಮದ ನಕಾಶೆಗಳನ್ನು ಬರೆದರು. ಸರ್ವೆ ನಂಬರ, ಹಳ್ಳ, ಕೆರೆ, ಬಂಡಿಯ ಹಾದಿ ಇವೆಲ್ಲ ಅವುಗಳಲ್ಲಿ ಕಾಣುವವು. ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ 1837ರಲ್ಲಿಯೂ ಹುಬ್ಬಳ್ಳಿಗೆ 1839ರಲ್ಲಿಯೂ ಬಂದರು. ಅವರು ನಮ್ಮ ದೇಶದಲ್ಲಿ ತೆಗೆಯಿಸಿದ ಹಳೆಯ ಛಾಯಾಚಿತ್ರಗಳು ಸ್ವಿತ್ಸರ್ಲೆಂಡಿನ ಬಾಸೆಲ್ ಪಟ್ಟಣದ ದಫ್ತರಖಾನೆಯಲ್ಲಿ ಇಂದಿಗೂ ಸುರಕ್ಷಿತವಾಗಿವೆ. ಆದರೆ ಛಾಯಾಚಿತ್ರವು ಒಂದು ಕಟ್ಟಡದ ಮುಖವನ್ನು ತೋರಿಸೀತೇ ಹೊರತು ಊರಿನ ಮೈಯನ್ನು ತೋರಿಸಲಾರದು; ನಕಾಶೆಯಾದರೋ ಒಮ್ಮೆ ಬರೆದ ಮೇಲೆ ಎಷ್ಟೋ ವರ್ಷ ಹಾಗೆಯೇ ಉಳಿಯುವದು. ಇಡೀ ಊರನ್ನು ಮೇಲಿನಿಂದ, ಮತ್ತೆ ಮತ್ತೆ, ಬೇಸರವಿಲ್ಲದೆ ನೋಡುವ ಕಣ್ಣು ಬೇಕಾಗಿತ್ತು.

ಅಂಥ ಕಣ್ಣನ್ನು ಮನುಷ್ಯನು ಮೊದಲು ತೆರೆದದ್ದು ಯುದ್ಧದ ಭಯದಿಂದ. ಅಮೇರಿಕೆಯವರು 1960ರಿಂದ 1972ರ ವರೆಗೆ ‘ಕೊರೋನಾ’ ಎಂಬ ಗುಪ್ತ ಹೆಸರಿನಿಂದ ಉಪಗ್ರಹಗಳನ್ನು ಹಾರಿಸಿ ಪರರಾಜ್ಯಗಳ ಚಿತ್ರಗಳನ್ನು ತೆಗೆದರು. ಆಗ ಚಿತ್ರವನ್ನು ರೇಡಿಯೋ ಅಲೆಗಳ ಮೂಲಕ ಕಳಿಸುವ ಅನುಕೂಲತೆಯಿರಲಿಲ್ಲವಾದ್ದರಿಂದ ಫಿಲ್ಮಿನ ಸುರುಳಿಯನ್ನು ಒಂದು ಡಬ್ಬಿಯಲ್ಲಿಟ್ಟು ಪ್ಯಾರಾಚೂಟಿನಿಂದ ಕೆಳಗಿಳಿಸುತ್ತಿದ್ದರು. ವಿಮಾನವೊಂದು ಅದನ್ನು ನಡು ಆಕಾಶದಲ್ಲಿಯೇ ಕೊಕ್ಕೆ ಹಾಕಿ ಹಿಡಿಯುತ್ತಿತ್ತು. ಎಂಟು ಲಕ್ಷಕ್ಕೂ ಹೆಚ್ಚಾದ ಈ ಚಿತ್ರಗಳನ್ನು 1995ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟರು. ಶತ್ರುವಿನ ಕೋಟೆಯನ್ನು ಹುಡುಕಲೆಂದು ತೆಗೆದ ಚಿತ್ರಗಳು ಈಗ ಹಾಳು ಪಟ್ಟಣಗಳನ್ನೂ ಬತ್ತಿದ ಕೆರೆಗಳನ್ನೂ ಹುಡುಕುವವರ ಕೈಯಲ್ಲಿವೆ. ಕತ್ತಿಯನ್ನು ತಟ್ಟಿ ನೇಗಿಲಿನ ಗುಳ ಮಾಡಿದಂತೆ ಆಯಿತೆನ್ನಬಹುದು.

ಎಲ್ಲರ ಹಿತಕ್ಕಾಗಿ, ಬಚ್ಚಿಡದೆ ಚಿತ್ರ ತೆಗೆಯುವ ಕಾರ್ಯವು 1972ನೆಯ ಇಸವಿಯ ಜುಲೈ 23ನೆಯ ತಾರೀಖಿಗೆ ಆರಂಭವಾಯಿತು. ಅಂದು ಹಾರಿಸಿದ ಉಪಗ್ರಹಕ್ಕೆ ಮುಂದೆ ‘ಲ್ಯಾಂಡ್‌ಸ್ಯಾಟ್’ ಎಂಬ ಹೆಸರು ನೆಲೆಗೊಂಡಿತು. ಅದು 18 ದಿನಗಳಿಗೊಮ್ಮೆ ಅದೇ ಸ್ಥಳದ ಮೇಲೆ ಹಾಯುತ್ತಿತ್ತು. ಅದರ ಒಂದು ಚಿತ್ರದ ಅಗಲವು 185 ಕಿಲೋಮೀಟರು, ಎಂದರೆ ಬೆಳಗಾವಿಯಿಂದ ಗದಗಿನ ವರೆಗಿನ ಸೀಮೆಗಿಂತಲೂ ಹೆಚ್ಚು. ಅದೇ ಮನೆತನದ ಐದನೆಯ ಉಪಗ್ರಹವು 1984ರಲ್ಲಿ ಹಾರಿ 2013ರ ವರೆಗೆ, ಸುಮಾರು 29 ವರ್ಷ, ದುಡಿಯಿತು. ಒಂಬತ್ತನೆಯದು 2021ರಲ್ಲಿ ಹಾರಿತು. ಈ ಸಂಗ್ರಹವನ್ನೆಲ್ಲ 2008ರಲ್ಲಿ ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆಯುವಂತೆ ತೆರೆದರು.

ನಮ್ಮ ದೇಶವೂ ಹಿಂದೆ ಬೀಳಲಿಲ್ಲ. ನಮ್ಮದೇ ಆದ ಐ.ಆರ್.ಎಸ್. 1ಎ ಎಂಬ ಉಪಗ್ರಹವು 1988ರ ಮಾರ್ಚ್ 17ಕ್ಕೆ ಸೋವಿಯೆತ್ ದೇಶದ ಬೈಕನೂರಿನಿಂದ ಹಾರಿತು. ಆಗ ಭಾರತೀಯ ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಶ್ರೀ ಉಡುಪಿ ರಾಮಚಂದ್ರ ರಾಯರು. ಅವರು ಓದಿದ್ದು ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ. ಮಿಶನ್ ಶಾಲೆಯ ಬೆಂಚಿನ ಮೇಲೆ ಕುಳಿತ ಒಬ್ಬ ಬಾಲಕನು ದೇಶಕ್ಕೆ ಇಂಥ ಕಣ್ಣನ್ನು ಕೊಡಿಸಿದನೆಂದು ನಮ್ಮ ಹುಡುಗಿಯರಿಗೆ ಹೇಳುವಾಗ ನಮಗೆ ಸಂತೋಷವಾಗುವದು. 2009ರಿಂದ ಆ ಸಂಸ್ಥೆಯು ‘ಭುವನ್’ ಎಂಬ ಹೆಸರಿನಿಂದ ತನ್ನ ಚಿತ್ರಗಳನ್ನು ಅಂತರ್ಜಾಲದಲ್ಲಿ ತೋರಿಸತೊಡಗಿತು. ‘ಗೂಗಲ್ ಅರ್ಥ್’ ಎಂಬ ಇನ್ನೊಂದು ಸಾಧನದಲ್ಲಿಯೂ ಹಳೆಯ ವರ್ಷಗಳ ಚಿತ್ರಗಳನ್ನು ಹಿಂದು ಮುಂದು ಸರಿಸಿ ನೋಡುವ ಏರ್ಪಾಡು ಅದೇ ವರ್ಷ ಬಂದಿತು.

ಇನ್ನು ಚಿತ್ರವನ್ನು ಓದುವ ಬಗೆ. ಉಪಗ್ರಹದ ಚಿತ್ರವು ಕೌದಿಯಂತೆ ಚಿಕ್ಕ ಚಿಕ್ಕ ಚೌಕಗಳಿಂದ ಕೂಡಿರುವದು. ಒಂದು ಚೌಕಕ್ಕೆ ಒಂದೇ ಬಣ್ಣ. ಚೌಕದ ಒಳಗಿನ ವಿವರವು ಕಾಣದು. ಆದುದರಿಂದ ಚೌಕವು ಎಷ್ಟು ದೊಡ್ಡದೆಂದು ಮೊದಲು ತಿಳಿಯಬೇಕು. ಇದನ್ನು ನಾವು ಹುಡುಗಿಯರಿಗೆ ಮೀಟರಿನಲ್ಲಿ ಹೇಳದೆ ಅವರ ಅಜ್ಜಂದಿರು ಬಲ್ಲ ಗುಂಟೆ ಎಕರೆಗಳಲ್ಲಿ ಹೇಳುವೆವು. 1972ರ ಉಪಗ್ರಹದ ಚೌಕದ ಬದಿಯು ಸುಮಾರು 80 ಮೀಟರು, ಎಂದರೆ ಒಂದು ಚೌಕಕ್ಕೆ ಒಂದೂವರೆ ಎಕರೆಗೂ ಹೆಚ್ಚಿನ ನೆಲ. 1980ರ ದಶಕದಲ್ಲಿ ಬದಿಯು 30 ಮೀಟರಿಗೆ ಇಳಿಯಿತು. ಆಗ ಚೌಕವು ಸುಮಾರು ಒಂಬತ್ತು ಗುಂಟೆಯಾಯಿತು. ಯುರೋಪಿನವರು 2015ರಲ್ಲಿ ಹಾರಿಸಿದ ‘ಸೆಂಟಿನೆಲ್’ ಉಪಗ್ರಹದ ಚೌಕವು 10 ಮೀಟರಿನದು; ಅದು ಸುಮಾರು ಒಂದು ಗುಂಟೆ. ಹೀಗಿರಲು 30 ಅಡಿ 40 ಅಡಿಯ ಒಂದು ಪ್ಲಾಟು 1972ರ ಚಿತ್ರದಲ್ಲಿ ಕಾಣುವದೆಂದು ಆಶಿಸುವದು, ಊರ ಗುಡ್ಡದ ಮೇಲಿನಿಂದ ಅಂಗಳದ ರಂಗೋಲಿಯನ್ನು ನೋಡಬಯಸಿದಂತೆ. ಆದರೆ ಕೆರೆ, ಅಡವಿ, ಊರಿನ ಎಲ್ಲೆ ಇವು ಚೆನ್ನಾಗಿ ಕಾಣುವವು. ಉಣಕಲ್ಲ ಕೆರೆಯ ವಿಸ್ತಾರವು ಸುಮಾರು 200 ಎಕರೆ ಎನ್ನುವರು. 30 ಮೀಟರಿನ ಚಿತ್ರದಲ್ಲಿ ಅದಕ್ಕೆ ಸುಮಾರು 900 ಚೌಕಗಳು ಬರುವವು. ಬೇರೆ ಬೇರೆ ವರ್ಷಗಳ ಚಿತ್ರದಲ್ಲಿ ನೀರಿನ ಚೌಕಗಳನ್ನು ಎಣಿಸಿದರೆ ಕೆರೆಯ ನೀರು ಎಷ್ಟು ಸರಿದಿದೆಯೆಂಬುದನ್ನು ಒಂಬತ್ತನೆಯ ಇಯತ್ತೆಯ ಹುಡುಗಿಯೂ ಲೆಕ್ಕ ಹಾಕಬಲ್ಲಳು.

ಎರಡನೆಯದು ಬಣ್ಣ. ಮನುಷ್ಯನ ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕನ್ನೂ ಉಪಗ್ರಹವು ಗ್ರಹಿಸುವದು. ಹಸಿರೆಲೆಯು ಆ ಬೆಳಕನ್ನು ಬಹಳವಾಗಿ ಹಿಂದಿರುಗಿಸುವದು. ನೀರು ಅದನ್ನು ನುಂಗಿಬಿಡುವದು. ಈ ಬೆಳಕನ್ನು ಚಿತ್ರದಲ್ಲಿ ಕೆಂಪಾಗಿ ತೋರಿಸುವ ರೂಢಿಯಿರುವದರಿಂದ ಅಂಥ ಚಿತ್ರಗಳಲ್ಲಿ ಅಡವಿಯೂ ಬೆಳೆಯೂ ಕೆಂಪಾಗಿ, ತಿಳಿನೀರು ಕಪ್ಪಾಗಿ, ಮನೆ ರಸ್ತೆಗಳು ನೀಲಿ ಬೂದು ಬಣ್ಣವಾಗಿ ಕಾಣುವವು. ಮೊದಲ ಸಾರಿ ನೋಡಿದ ಹುಡುಗಿಯರು ಕಲಘಟಗಿಯ ಅಡವಿಗೆ ಬೆಂಕಿ ಹತ್ತಿದೆಯೆಂದು ಗಾಬರಿಯಾಗುವದುಂಟು. ನಮ್ಮ ಸೀಮೆಯ ಗುಣವೇ ಈ ಚಿತ್ರಗಳಲ್ಲಿ ಎದ್ದು ಕಾಣುವದು: ಪಡುವಲಿಗೆ ಮಲೆನಾಡಿನ ಸೆರಗು, ಮೂಡಲಿಗೆ ನವಲಗುಂದ ಅಣ್ಣಿಗೇರಿಗಳ ಎರೆಭೂಮಿ, ನಡುವೆ ಏರಿನ ಮೇಲೆ ನಮ್ಮ ಊರುಗಳು. ಈ ಏರಿನ ಒಂದು ಮಗ್ಗುಲಿನ ನೀರು ಶಾಲ್ಮಲೆಗೆ, ಬೇಡ್ತಿಗೆ ಸೇರಿ ಪಡುಗಡಲಿಗೂ, ಇನ್ನೊಂದು ಮಗ್ಗುಲಿನದು ಬೆಣ್ಣಿಹಳ್ಳ, ಮಲಪ್ರಭೆಗಳ ಮುಖಾಂತರ ಕೃಷ್ಣೆಯನ್ನು ಕೂಡಿ ಮೂಡುಗಡಲಿಗೂ ಹೋಗುವದು. ಪಠ್ಯಪುಸ್ತಕದಲ್ಲಿ ಕಂಠಪಾಠ ಮಾಡಿದ ಈ ಮಾತು ಆಕಾಶದ ಚಿತ್ರದಲ್ಲಿ ಕಣ್ಣಿಗೆ ಕಟ್ಟುವದು.

ವರ್ಷಗಳನ್ನು ಒಂದೊಂದಾಗಿ ಸರಿಸುತ್ತ ಹೋದರೆ ಏನು ಕಾಣುವದು? ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ 1970ರ ದಶಕದ ಮೊದಲಲ್ಲಿ ಅಣೆಕಟ್ಟು ನಿಂತು ರೇಣುಕಾಸಾಗರವು ಹರಡಿತು. ಹುಬ್ಬಳ್ಳಿ ಧಾರವಾಡಗಳಿಗೆ ಕುಡಿಯುವ ನೀರು ಹೆಚ್ಚಾಗಿ ಬರುವದು ಆ ಜಲಾಶಯದಿಂದ. 1962ರಲ್ಲಿ ಎರಡೂ ಊರುಗಳಿಗೆ ಕೂಡಿ ಒಂದೇ ಮಹಾನಗರಪಾಲಿಕೆಯಾಯಿತು. ಆದರೆ ಕಾಗದದ ಮೇಲೆ ಒಂದಾದ ಊರುಗಳು ನೆಲದ ಮೇಲೆ ಒಂದಾಗಲು ಬಹುಕಾಲ ಹಿಡಿಯಿತು. 1971ರ ಜನಗಣತಿಯಲ್ಲಿ ಅವಳಿ ನಗರದ ಜನಸಂಖ್ಯೆಯು ಸುಮಾರು 3,79,000, 2011ರಲ್ಲಿ 9,43,000. ಈ ಅಂಕಿಗಳು ಚಿತ್ರದಲ್ಲಿ ಬೂದು ಬಣ್ಣದ ಎರಡು ಕಲೆಗಳಾಗಿ ತೋರಿ, ಪುಣೆ-ಬೆಂಗಳೂರು ರಸ್ತೆಯ ಗುಂಟ ಒಂದಕ್ಕೊಂದು ಕೈ ಚಾಚುತ್ತ ನವನಗರ, ಉಣಕಲ್ಲ, ನವಲೂರು, ಸತ್ತೂರುಗಳ ಸುತ್ತಲಿನ ಹೊಲಗಳನ್ನು ಕ್ರಮವಾಗಿ ಒಳಗೊಳ್ಳುವವು.

ತೀರ ಈಚಿನ ಬದಲಾವಣೆಗಳು ಸ್ಪಷ್ಟವಾದ ಚಿತ್ರಗಳಲ್ಲಿ ತಾರೀಖಿನೊಡನೆ ದೊರೆಯುವವು. ಎರಡೂ ಊರುಗಳ ನಡುವೆ ಬಸ್ಸುಗಳಿಗಾಗಿಯೇ ಪ್ರತ್ಯೇಕ ಹಾದಿಯನ್ನು ಮಾಡಿ, 2018ರ ಅಕ್ಟೋಬರದಲ್ಲಿ ‘ಚಿಗರಿ’ ಬಸ್ಸುಗಳನ್ನು ಪ್ರಾಯೋಗಿಕವಾಗಿ ಬಿಟ್ಟು, 2020ರ ಫೆಬ್ರುವರಿಯಲ್ಲಿ ವಿಧಿಪೂರ್ವಕವಾಗಿ ಉದ್ಘಾಟಿಸಿದರು. ಆ ಕೆಲಸಕ್ಕೆ ಮೊದಲಿನ ಚಿತ್ರದಲ್ಲಿ ರಸ್ತೆಯ ಇಕ್ಕೆಲಕ್ಕೂ ಮರಗಳ ಹಸಿರು ಅಂಚು. ಅನಂತರದ ಚಿತ್ರದಲ್ಲಿ ಅಗಲವಾದ ಬೂದು ಪಟ್ಟಿ. ಚಿಕ್ಕಮಲ್ಲಿಗವಾಡದ ಬಳಿ ಹೊಲ ಗಿಡಗಂಟೆಗಳಿದ್ದಲ್ಲಿ ಐ.ಐ.ಟಿ.ಯ ಕಟ್ಟಡಗಳು ಎದ್ದವು. ಅವುಗಳ ಉದ್ಘಾಟನೆಯೂ, ಹುಬ್ಬಳ್ಳಿಯ ಸುಮಾರು 1,500 ಮೀಟರ ಉದ್ದದ ರೇಲ್ವೆ ಪ್ಲಾಟಫಾರ್ಮಿನ ಉದ್ಘಾಟನೆಯೂ 2023ರ ಮಾರ್ಚ್ 12ರಂದು ಆದವು. ಧಾರವಾಡದ ಸಾಧನಕೇರಿ, ಕೆಲಗೇರಿ, ಹುಬ್ಬಳ್ಳಿಯ ತೋಳನಕೆರೆ ಇವುಗಳ ದಂಡೆಗಳಿಗೆ ಮನೆಗಳು ಎಷ್ಟು ಹತ್ತಿರ ಬಂದಿವೆಯೆಂಬುದನ್ನೂ ನೋಡಬಹುದು. ಊರಿನ ಎಷ್ಟೋ ಓಣಿಗಳ ಹೆಸರುಗಳ ಕೊನೆಗೆ ‘ಕೇರಿ’, ‘ಕೆರೆ’ ಎಂದು ಯಾಕಿದೆಯೆಂದು ಆಗ ಹುಡುಗಿಯರು ತಾವಾಗಿಯೇ ಕೇಳತೊಡಗುವರು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಚಿತ್ರವು ಸುಳ್ಳು ಹೇಳದು, ಆದರೆ ಅವಸರದಿಂದ ಓದುವವರು ಮೋಸ ಹೋಗುವರು. ಮೊದಲನೆಯದಾಗಿ, ತಿಂಗಳನ್ನು ನೋಡದೆ ಹೋಲಿಸಬಾರದು. ಅಕ್ಟೋಬರದ ತುಂಬಿದ ಕೆರೆಯನ್ನೂ ಮೇ ತಿಂಗಳಿನ ಬತ್ತಿದ ಕೆರೆಯನ್ನೂ ಪಕ್ಕಕ್ಕಿಟ್ಟು ಕೆರೆಯನ್ನು ಯಾರೋ ನುಂಗಿದರೆಂದು ಕೂಗುವದು ಅನ್ಯಾಯ. ಫೆಬ್ರುವರಿಯ ಚಿತ್ರಕ್ಕೆ ಫೆಬ್ರುವರಿಯ ಚಿತ್ರವನ್ನೇ ಇಡಬೇಕು. ಮಳೆಗಾಲದಲ್ಲಿ ಮೋಡಗಳು ನೆಲವನ್ನು ಮುಚ್ಚುವದರಿಂದ ಜನೇವರಿಯಿಂದ ಮಾರ್ಚ್ ವರೆಗಿನ ಚಿತ್ರಗಳು ನಮ್ಮ ಸೀಮೆಗೆ ಉತ್ತಮ. ಎರಡನೆಯದಾಗಿ, ಹದವಾಗಿ ನೇಗಿಲು ಹೊಡೆದ ಹಸಿ ಎರೆಹೊಲವು ಕಪ್ಪಾಗಿ ಕಂಡು ನೀರಿನ ಭ್ರಮೆಯನ್ನು ಹುಟ್ಟಿಸೀತು. ಮೂರನೆಯದಾಗಿ, ನಿಜವಾದ ನೀರೇ ಹೊಲದಂತೆ ಕಂಡೀತು. ಉಣಕಲ್ಲ ಕೆರೆಯ ಮೇಲೆ ಅಂತರಗಂಗೆಯು ಹಬ್ಬಿದ ವರ್ಷಗಳ ಚಿತ್ರದಲ್ಲಿ ಕೆರೆಯ ಭಾಗವು ಹಸಿರು ಗದ್ದೆಯಾಗಿ ತೋರುವದು. ಆದುದರಿಂದ ನಾವು ವರ್ಗದಲ್ಲಿ ಒಂದು ನಿಯಮವನ್ನು ಮಾಡಿದ್ದೇವೆ: ಚಿತ್ರದಲ್ಲಿ ಕಂಡದ್ದನ್ನು ಬರೆಯುವ ಮೊದಲು ಮನೆಯ ಹಿರಿಯರೊಬ್ಬರನ್ನು ಕೇಳಬೇಕು, ಸಾಧ್ಯವಾದರೆ ಆ ಸ್ಥಳಕ್ಕೆ ಹೋಗಿ ನಿಂತು ನೋಡಬೇಕು. ಅಕ್ಷರ ಬಾರದ ಎಷ್ಟೋ ಅಜ್ಜಿಯರು ಈ ಚಿತ್ರಗಳನ್ನು ನಮಗಿಂತ ಬೇಗ ಓದುವದನ್ನು ಕಂಡು ನಾವು ಬೆರಗಾಗಿದ್ದೇವೆ. ಯಾಕಂದರೆ ಅವರು ಆ ಹಾದಿಗಳನ್ನು ಕಾಲಿನಿಂದ ಬಲ್ಲರು.

ಇನ್ನು ನಮ್ಮ ಮನೆಯ ಸಂಗತಿ. ನಮ್ಮ ತಂದೆಯವರು ನೌಕರಿಯಿಂದ ನಿವೃತ್ತರಾದಾಗ ಬಂದ ಹಣದಿಂದ ಊರ ಹೊರಗೆ ಹೊಸದಾಗಿ ಆದ ಬಡಾವಣೆಯೊಂದರಲ್ಲಿ ಪ್ಲಾಟನ್ನು ಕೊಂಡು ಮನೆ ಕಟ್ಟಿಸಿದರು. ಕಾಗದಪತ್ರಗಳೆಲ್ಲ ನೆಟ್ಟಗಿದ್ದವು; ನೆಲವು ಸಮನಾಗಿತ್ತು; ಬೆಲೆಯು ಸ್ವಲ್ಪ ಸೋವಿಯಾಗಿತ್ತು. ನಾಲ್ಕಾರು ವರ್ಷ ಸುಖವಾಗಿಯೇ ಕಳೆದವು. 2019ರ ಆಗಸ್ಟ್ ತಿಂಗಳಿನಲ್ಲಿ ಉತ್ತರ ಕರ್ನಾಟಕದಲ್ಲೆಲ್ಲ ಸುರಿದ ಆ ಭಾರೀ ಮಳೆಯನ್ನು ನಮ್ಮ ಓದುಗರು ಮರೆತಿರಲಾರರು. ಒಂದು ರಾತ್ರಿ ನೀರು ಹಿತ್ತಲಿನ ಬಾಗಿಲಿನಿಂದ ಒಳಗೆ ಬಂದು ಮುಂಬಾಗಿಲಿನಿಂದ ಹೊರಗೆ ಹೋಯಿತು. ಮೊಳಕಾಲಿನ ಮಟ್ಟದ ಕೆಸರುನೀರಿನಲ್ಲಿ ತಾಯಿಯವರ ಹೊಲಿಗೆಯ ಯಂತ್ರವೂ, ತಂದೆಯವರು ನಲವತ್ತು ವರ್ಷ ಕೂಡಿಸಿದ ಪುಸ್ತಕಗಳೂ ಮುಳುಗಿದವು. ಜೀವಗಳು ಉಳಿದವೆಂದು ದೇವರನ್ನು ಕೊಂಡಾಡಿದೆವು. ಆದರೆ ತಂದೆಯವರು ಅಂದಿನಿಂದ ಮಂಕಾದರು. ಜೋತಿಯನ್ನು ಇನ್ನೆರಡು ಅಡಿ ಎತ್ತರ ಕಟ್ಟಿಸಬೇಕಾಗಿತ್ತು, ತಾವು ಹಣದ ಮುಖ ನೋಡಿದೆವು ಎಂದು ತಮ್ಮನ್ನು ತಾವೇ ಹಳಿದುಕೊಳ್ಳುತ್ತಿದ್ದರು.

ಮುಂದೆ ಈ ಪಾಠವನ್ನು ಸಿದ್ಧಪಡಿಸುತ್ತ ಒಂದು ಸಂಜೆ ಹಳೆಯ ಚಿತ್ರಗಳನ್ನು ಹಿಂದಕ್ಕೆ ಸರಿಸುವಾಗ, ಕುತೂಹಲದಿಂದ ನಮ್ಮ ಮನೆಯಿರುವ ಜಾಗಕ್ಕೆ ಹೋದೆವು. ಬಡಾವಣೆಯಾಗುವ ಮೊದಲಿನ ಚಿತ್ರ ಬಂದಿತು. ಹೊಲಗಳ ನಡುವೆ ಹಾವು ಹರಿದಂತೆ ಒಂದು ಹಸಿರು ಗೆರೆ. ಅದರ ಗುಂಟ ಗಿಡಗಂಟೆಗಳು. ಆ ಗೆರೆಯು ಮೇಲ್ಗಡೆಯ ಏರಿನಿಂದ ಇಳಿದು ಸರಿಯಾಗಿ ನಮ್ಮ ಅಡಿಗೆಮನೆಯ ಕೆಳಗಿನಿಂದ ಹಾಯ್ದು ಹೋಗಿತ್ತು. ಮುಂದಿನ ಚಿತ್ರದಲ್ಲಿ ಕೆಂಪು ಮಣ್ಣಿನ ಸಮತಟ್ಟು. ಅದರ ಮುಂದಿನದರಲ್ಲಿ ರಸ್ತೆಗಳು, ಮನೆಗಳು. ಮೂರೇ ಚಿತ್ರಗಳಲ್ಲಿ ಒಂದು ಹಳ್ಳವು ಮಾಯವಾಗಿತ್ತು.

ತಂದೆಯವರಿಗೆ ತೋರಿಸಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿ ಕೊನೆಗೆ ತೋರಿಸಿದೆವು. ಅವರು ಕನ್ನಡಕವನ್ನು ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, “ಹಳ್ಳ ನಮ್ಮ ಮನಿಗೆ ಬಂದಿಲ್ಲವ್ವಾ, ನಾವ ಹಳ್ಳದ ಮನಿಗೆ ಹೋಗೇವಿ” ಎಂದರು. ಅಂದಿನಿಂದ ಅವರು ತಮ್ಮನ್ನು ಹಳಿದುಕೊಳ್ಳುವದನ್ನು ಬಿಟ್ಟರು. ಮನೆಯ ನಷ್ಟವು ತುಂಬಿ ಬರಲಿಲ್ಲ. ಆದರೆ ಅದರ ಕಾರಣವು ತಿಳಿಯಿತು. ಆ ಓಣಿಯವರೆಲ್ಲ ಕೂಡಿ ಆ ಚಿತ್ರಗಳನ್ನೂ ಗ್ರಾಮದ ಹಳೆಯ ನಕಾಶೆಯನ್ನೂ ಜೋಡಿಸಿ ಅರ್ಜಿ ಕೊಟ್ಟರು. ಮೇಲಿನ ನೀರಿಗೆ ಒಂದು ಅಗಲವಾದ ಗಟಾರವಾಯಿತು. ಅದರ ನಂತರವೂ ಮಳೆಯಾದ ರಾತ್ರಿ ನಮ್ಮ ತಾಯಿಯವರು ನಿದ್ದೆ ಮಾಡುವದಿಲ್ಲ; ಆದರೆ ನೀರು ಮತ್ತೆ ಹೊಸ್ತಿಲು ದಾಟಿಲ್ಲ.

ಪಾಲಕರಲ್ಲಿ ಎಷ್ಟೋ ಜನರು ಮಗಳ ಮದುವೆಯ ಮೊದಲೋ ನಿವೃತ್ತಿಯ ಮೊದಲೋ ಒಂದು ಪ್ಲಾಟು ಕೊಳ್ಳುವ ವಿಚಾರದಲ್ಲಿರುವರು. ಅವರಿಗೆ ನಮ್ಮ ವಿನಂತಿಯು ಇದು. ಉತಾರೆಯನ್ನು ನೋಡುವಿರಿ, ಎನ್.ಎ. ಆಗಿದೆಯೋ ಎಂದು ಕೇಳುವಿರಿ, ವಕೀಲರಿಗೆ ತೋರಿಸುವಿರಿ, ಅವೆಲ್ಲ ಅವಶ್ಯ. ಅದರೊಡನೆ ನಿಮ್ಮ ಮಗಳನ್ನು ಪಕ್ಕಕ್ಕೆ ಕೂಡ್ರಿಸಿಕೊಂಡು ಆ ಸ್ಥಳದ ಹಳೆಯ ಚಿತ್ರಗಳನ್ನು ದೊರೆಯುವಷ್ಟು ಹಿಂದಿನ ವರ್ಷದಿಂದ ನೋಡಿರಿ. ಗಿಡಗಂಟೆಗಳ ಡೊಂಕು ಸಾಲು ಕಂಡರೆ ಅದು ಹಳ್ಳವಿದ್ದೀತು. ಮಳೆಗಾಲದ ತರುವಾಯದ ಚಿತ್ರಗಳಲ್ಲಿ ಮಾತ್ರ ಕಪ್ಪಾಗುವ ತಗ್ಗು ಕಂಡರೆ ಅದು ಕೆರೆಯ ಅಂಗಳವಿದ್ದೀತು. ಹೊಲದ ನಡುವೆ ಒಂಟಿಯಾಗಿ ಮೂರು ಕಡೆ ಕಟ್ಟೆಯಿರುವ ಗುರುತು ಕಂಡರೆ ಅದು ಹೂಳು ತುಂಬಿದ ಕಟ್ಟೆಯಿದ್ದೀತು. ‘ಇದ್ದೀತು’ ಎಂದೇ ಹೇಳಿದೆವು, ಚಿತ್ರವೊಂದೇ ರುಜುವಾತಲ್ಲ. ಗ್ರಾಮದ ನಕಾಶೆಯಲ್ಲಿ ಅದೇ ಗೆರೆಯಿದೆಯೋ ನೋಡಿರಿ. ಸಮೀಪದ ಹಳ್ಳಿಯ ಮುದುಕರನ್ನು ಕೇಳಿರಿ. ಮೂರೂ ಸಾಕ್ಷಿಗಳು ಕೂಡಿದರೆ ಸಂಶಯಕ್ಕೆ ಎಡೆಯಿಲ್ಲ.

ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಒಂದು ಪ್ರಾರ್ಥನೆಯಿದೆ. ನೀವು ಶಾಲೆಗೆ ನಡೆದು ಬರುತ್ತಿದ್ದ ಹಾದಿ, ನೀರು ತರುತ್ತಿದ್ದ ಬಾವಿ, ಈಜು ಕಲಿತ ಅಥವಾ ಈಜಬಾರದೆಂದು ಬೈಸಿಕೊಂಡ ಕೆರೆ, ಇವು ಎಲ್ಲಿದ್ದವೆಂದು ಒಂದು ಕಾಗದದಲ್ಲಿ ಬರೆದು, ವರ್ಷವನ್ನು ಸೂಚಿಸಿ ನಮಗೆ ಕಳಿಸಿರಿ. 1972ಕ್ಕೆ ಮೊದಲಿನ ನೆನಪುಗಳಾದರೆ ಇನ್ನೂ ಒಳ್ಳೆಯದು. ಅವಕ್ಕೆ ನೀವೇ ಉಪಗ್ರಹಗಳು. ನಮ್ಮ ಹುಡುಗಿಯರು ನಿಮ್ಮ ಬರವಣಿಗೆಯನ್ನೂ ಆಕಾಶದ ಚಿತ್ರಗಳನ್ನೂ ಪಕ್ಕಕ್ಕಿಟ್ಟು ಊರಿನ ನಕಾಶೆಯೊಂದನ್ನು ಸಿದ್ಧಪಡಿಸಿ ಶಾಲೆಯ ಗೋಡೆಗೆ ಹಚ್ಚುವರು. ನೀವು ಮತ್ತೊಮ್ಮೆ ಬಂದು “ಊರು ಗುರುತೇ ಸಿಗವಲ್ದು” ಎಂದಾಗ ಒಬ್ಬ ಹುಡುಗಿಯು ನಿಮ್ಮ ಕೈ ಹಿಡಿದು ಆ ಗೋಡೆಯ ಬಳಿಗೆ ಕರೆದುಕೊಂಡು ಹೋಗಿ, ನಿಮ್ಮ ಹುಣಿಸೆಯ ಮರವು ಇದ್ದ ಜಾಗವನ್ನು ಬೆರಳಿಟ್ಟು ತೋರಿಸುವಳು.